ಬೋನಿನ ಚಿತ್ರ, ಕಾಡಿನ ಚಿತ್ರ

ಮೃಗಾಲಯದ ಛಾಯಾಚಿತ್ರಕ್ಕೂ ಕಾಡಿನ ಛಾಯಾಚಿತ್ರಕ್ಕೂ ಇಂದು ಎಣಿಸುವ ತರತಮ ಛಾಯಾಗ್ರಹಣದ ಮೊದಲ ದಶಕಗಳಲ್ಲಿ ಇರಲಿಲ್ಲ. ಬದುಕಿರುವ ವನ್ಯಮೃಗವನ್ನು ಚಿತ್ರಿಸಲು ಆಗ ಬೋನಿನ ಹೊರತು ಬೇರೆ ದಾರಿಯೇ ಬಹುಮಟ್ಟಿಗೆ ಇರಲಿಲ್ಲ. 1850ರ ದಶಕದಲ್ಲಿ ಬಳಕೆಗೆ ಬಂದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕವನ್ನು ಲೇಪಿಸಿ, ಅದು ಆರುವ ಮೊದಲೇ ಬೆಳಕಿಗೊಡ್ಡಿ, ಕೂಡಲೇ ಕತ್ತಲೆಯಲ್ಲಿ ಸಂಸ್ಕರಿಸಬೇಕಾಗಿದ್ದುದರಿಂದ, ಕದಲದ ಪ್ರಾಣಿ ಮತ್ತು ಸಮೀಪದ ಕತ್ತಲೆಕೋಣೆ ಎರಡೂ ಅಗತ್ಯವಾಗಿದ್ದವು. 1852ರಲ್ಲಿ ಕೌಂಟ್ ಡಿ ಮೊಂಟಿಜಾನ್ ಲಂಡನ್ ಮೃಗಾಲಯದಲ್ಲಿ ತೆಗೆದ ಒಬೈಶ್ ಎಂಬ ನೀರಾನೆಯ ಚಿತ್ರದಲ್ಲಿ ಪ್ರಾಣಿ ಕೊಳದ ಪಕ್ಕ ಮಲಗಿದೆ, ನೋಡಲು ಬಂದವರು ಕಂಬಿಗಳ ಆಚೆ ನಿಂತಿದ್ದಾರೆ. ಅದೇ ಮೃಗಾಲಯದಲ್ಲಿದ್ದ ಕ್ವಾಗಾ, ಅಂದರೆ ಮೈಯ ಮುಂಭಾಗದಲ್ಲಷ್ಟೇ ಪಟ್ಟೆಯಿದ್ದ ದಕ್ಷಿಣ ಆಫ್ರಿಕದ ಜೀಬ್ರಾ, ತನ್ನ ಬಳಗದಲ್ಲಿ ಜೀವಂತವಾಗಿ ಛಾಯಾಚಿತ್ರಕ್ಕೆ ಸಿಕ್ಕ ಒಂದೇ ಪ್ರಾಣಿ; 1883ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೊನೆಯ ಕ್ವಾಗಾ ಸತ್ತಿತಾಗಿ, ಆ ಚಿತ್ರಗಳಿಗೆ ಬದಲಿಯಾಗಬಲ್ಲ ಕಾಡಿನ ಚಿತ್ರ ಮುಂದೆಂದೂ ದೊರೆಯುವಂತಿಲ್ಲ.

ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬಹುದಾದ ಒಣಫಲಕವೂ ಕ್ಷಣಮಾತ್ರ ಉರಿದು ಬೆಳಕು ಚೆಲ್ಲುವ ಮೆಗ್ನೀಸಿಯಮ್ ಪುಡಿಯೂ ಬಂದ ಮೇಲೆ ಕ್ಯಾಮೆರಾ ಕಾಡನ್ನು ಹೊಕ್ಕಿತು. ಅಮೆರಿಕದ ಜಾರ್ಜ್ ಶಿರಾಸ್, ದೋಣಿಯಲ್ಲಿ ದೀಪ ಹಿಡಿದು ಜಿಂಕೆಯನ್ನು ಸಮೀಪಿಸುವ ಬೇಟೆಗಾರರ ಕ್ರಮವನ್ನೇ ಅನುಸರಿಸಿ ತೆಗೆದ ರಾತ್ರಿಚಿತ್ರಗಳು ಸೇರಿದಂತೆ ಅವನ 74 ಚಿತ್ರಗಳನ್ನು 1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪ್ರಕಟಿಸಿತು. ಭಾರತದಲ್ಲಿ ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್, ಹುಲಿ ಓಡಾಡುವ ಜಾಡಿಗೆ ತಂತಿ ಕಟ್ಟಿ, ಅದು ತಗುಲಿದೊಡನೆ ಕ್ಯಾಮೆರಾ ತಾನಾಗಿ ಕೆಲಸ ಮಾಡುವಂತೆ ಏರ್ಪಡಿಸಿ, ಆ ಚಿತ್ರಗಳನ್ನು 1927ರಲ್ಲಿ ಪುಸ್ತಕವಾಗಿ ಹೊರತಂದನು. ಒಂದು ಹುಲಿಯ ಪಟ್ಟೆ ಇನ್ನೊಂದರದಂತಿರುವುದಿಲ್ಲವೆಂಬುದನ್ನು ಅವನು ಗುರುತಿಸಿದ್ದನು. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳನ್ನಿಟ್ಟು ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿದ್ದು ಇದೇ ಲಕ್ಷಣದ ಆಧಾರದಿಂದ.

ಹೀಗೆ ಬೋನಿನ ಚಿತ್ರ ಪ್ರಾಣಿಯ ಮೈಕಟ್ಟಿಗೆ ದಾಖಲೆಯಾದರೆ, ಕಾಡಿನ ಚಿತ್ರ ಅದರ ನೆಲೆಗೂ ಇರವಿಗೂ ದಾಖಲೆಯಾಯಿತು. ಎರಡೂ ಸಾಧ್ಯವಾದ ಮೇಲೆ, ಫಲಕದ ಮಿತಿಯಿಂದ ಬಂದಿದ್ದ ಭೇದ ಸ್ಪರ್ಧೆಗಳ ನಿಯಮವಾಗಿ ಮರಳಿತು: ‘ವನ್ಯಜೀವಿ’ ವಿಭಾಗದ ಪ್ರಾಣಿ ಸ್ವತಂತ್ರವಾಗಿರಬೇಕೆಂದು ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್ ವಿಧಿಸುತ್ತದೆ. ಬೇಲಿಯ ಗೇಟನ್ನು ಹಾರುವ ತೋಳದ ಚಿತ್ರಕ್ಕೆ 2009ರಲ್ಲಿ ದೊರೆತಿದ್ದ ವರ್ಷದ ವನ್ಯಜೀವಿ ಛಾಯಾಗ್ರಾಹಕ ಪ್ರಶಸ್ತಿಯನ್ನು, ಅದು ಪಳಗಿಸಿದ ತೋಳವಿರಬಹುದೆಂಬ ಕಾರಣದಿಂದ, ಛಾಯಾಗ್ರಾಹಕ ಅಲ್ಲಗಳೆದರೂ, 2010ರ ಜನವರಿಯಲ್ಲಿ ಹಿಂಪಡೆಯಲಾಯಿತು. ಚಿತ್ರದ ಕೌಶಲಕ್ಕಿಂತ ಅದು ಯಾವುದಕ್ಕೆ ಸಾಕ್ಷಿ ಎಂಬ ಪ್ರಶ್ನೆಯೇ ಅಲ್ಲಿ ನಿರ್ಣಾಯಕವಾಯಿತು.