ಟೂ-ಟೋನ್ ಪರೀಕ್ಷೆಯಲ್ಲಿ ವ್ಯಾಟ್‌ಮೀಟರಿನ ಮುಳ್ಳು: ‘ದುಪ್ಪಟ್ಟು ಮಾಡುವ’ ರೂಢಿಯ ಮರುಪರಿಶೀಲನೆ

ಎಸ್‌ಎಸ್‌ಬಿ ಟ್ರಾನ್ಸೀವರಿನ ಮೈಕ್ ಕಿಂಡಿಗೆ ಸಮಬಲದ ಎರಡು ಸ್ವರಗಳನ್ನು ಕೊಡಿ, ವ್ಯಾಟ್‌ಮೀಟರಿನ ಮುಳ್ಳು ತೋರಿಸಿದ ಅಂಕಿಯನ್ನು ಎರಡರಿಂದ ಗುಣಿಸಿ, ಬಂದದ್ದೇ ಪೀಕ್ ಎನ್ವಲಪ್ ಪವರ್, ಅಂದರೆ ಪಿಇಪಿ. ಹವ್ಯಾಸಿ ರೇಡಿಯೊ ವಲಯದಲ್ಲಿ ಇದು ಬಾಯಿಪಾಠವಾಗಿಬಿಟ್ಟಿರುವ ಸೂತ್ರ. ಹ್ಯಾಮ್‌ಗಳ ಮೇಜಿನ ಮೇಲೆ ಸಾಮಾನ್ಯವಾಗಿ ಕಾಣುವ ಡಯೋಡ್ ಮಾದರಿಯ ವ್ಯಾಟ್‌ಮೀಟರಿಗೆ ಈ ಸೂತ್ರ ಹೊಂದುವುದಿಲ್ಲ, ಅಲ್ಲಿ ಗುಣಕ 2 ಅಲ್ಲ, 2.47ರ ಹತ್ತಿರದ್ದು ಎಂಬುದು ಈ ಲೇಖನದ ವಾದ.

ವಿವಾದವಿಲ್ಲದ ಸಂಗತಿಗಳನ್ನು ಮೊದಲು ಮುಗಿಸಿಕೊಳ್ಳೋಣ. ಹಿಂದೆ ಅಮೆರಿಕದಲ್ಲಿ ಹವ್ಯಾಸಿಯ ಪವರ್ ಮಿತಿಯನ್ನು ಕೊನೆಯ ಹಂತದ ಡಿಸಿ ಇನ್‌ಪುಟ್ಟಿನಲ್ಲಿ, 1,000 ವ್ಯಾಟ್ ಎಂದು ಹೇಳುತ್ತಿದ್ದರು. 1983ರಲ್ಲಿ ಅಲ್ಲಿನ ಎಫ್‌ಸಿಸಿ ಅದನ್ನು ಬಿಟ್ಟು 1,500 ವ್ಯಾಟ್ ಪಿಇಪಿ ಔಟ್‌ಪುಟ್ ಎಂಬ ಮಿತಿಗೆ ಬಂತು. ಹಳೆಯ ಎಎಂ ಕೇಂದ್ರಗಳಿಗೆ 1990ರ ಜೂನ್ 1ರವರೆಗೆ ವಿನಾಯಿತಿ ಇತ್ತು. ಡಿಸಿ ಇನ್‌ಪುಟ್ ಅಳೆಯಲು ಒಂದು ವೋಲ್ಟ್‌ಮೀಟರ್, ಒಂದು ಆಮ್ಮೀಟರ್ ಸಾಕಾಗಿದ್ದವು. ಪಿಇಪಿ ಹಾಗಲ್ಲ. ಐಟಿಯು ವ್ಯಾಖ್ಯೆಯಂತೆ ಅದು ಎನ್ವಲಪ್ಪಿನ ತುತ್ತತುದಿಯಲ್ಲಿ, ಒಂದೇ ಒಂದು ಆರ್‌ಎಫ್ ಆವರ್ತದ ಅವಧಿಯಲ್ಲಿ ಫೀಡರಿಗೆ ಸಲ್ಲುವ ಸರಾಸರಿ ಪವರ್. ಭಾರತದಲ್ಲಿ ಜನರಲ್ ದರ್ಜೆಗೆ 400 ವ್ಯಾಟ್ ಮಿತಿ ಇದೆ. ಮಿತಿ ಯಾವುದೇ ಇರಲಿ, ಅದರೊಳಗೆ ಇದ್ದೇವೆಂದು ತೋರಿಸುವ ಹೊಣೆ ಲೈಸೆನ್ಸ್ ಪಡೆದವರದೇ.

ಉಪಕರಣಗಳ ಬಗ್ಗೆ ಸಾಹಿತ್ಯಕ್ಕೆ ಕೊರತೆಯಿಲ್ಲ. ಕಾಲಿನ್ಸ್ ಸಂಸ್ಥೆಯ ವಾರೆನ್ ಬ್ರೂನಿ ‘ಕ್ಯೂಎಸ್‌ಟಿ’ಯ ಏಪ್ರಿಲ್ 1959ರ ಸಂಚಿಕೆಯಲ್ಲಿ ಡೈರೆಕ್ಷನಲ್ ವ್ಯಾಟ್‌ಮೀಟರಿನ ಒಳಗುಟ್ಟನ್ನು ಬಿಡಿಸಿಟ್ಟರು. ಇಂದಿಗೂ ಬಹುಪಾಲು ಎಸ್‌ಡಬ್ಲ್ಯುಆರ್ ಮೀಟರುಗಳು ಆ ವಂಶದವೇ. ಪ್ರತಿಫಲಿತ ಪವರ್ ಎಲ್ಲಿಗೆ ಹೋಗುತ್ತದೆ ಎಂಬ ಬಗ್ಗೆ ವಾಲ್ಟರ್ ಮ್ಯಾಕ್ಸ್‌ವೆಲ್ 1973ರಿಂದ ಬರೆಯುತ್ತ ಬಂದರು, ಕಾಂಜುಗೇಟ್ ಮ್ಯಾಚ್ ವಿಷಯದಲ್ಲಿ ಅವರಿಗೂ ಬ್ರೂನಿಯವರಿಗೂ 1990ರ ದಶಕದಲ್ಲಿ ಸಾಕಷ್ಟು ಬಿಸಿಯಾದ ಚರ್ಚೆಯೇ ನಡೆಯಿತು. 2001ರಲ್ಲಿ ವೆಸ್ ಹೇವರ್ಡ್ ಮತ್ತು ಬಾಬ್ ಲಾರ್ಕಿನ್ ಎಡಿ8307 ಲಾಗರಿದಮಿಕ್ ಚಿಪ್ ಬಳಸಿ, ಮನೆಯಲ್ಲೇ ಕಟ್ಟಬಹುದಾದ ಪವರ್ ಮೀಟರನ್ನು ಕೊಟ್ಟರು. ಲೋಡಿಗೆ ಸಲ್ಲುವ ಪವರ್ ಎಂದರೆ ಮುಂದಕ್ಕೆ ಹೋದದ್ದರಿಂದ ಹಿಂದಕ್ಕೆ ಬಂದದ್ದನ್ನು ಕಳೆದ ಮೊತ್ತ ಎಂಬುದನ್ನು ಇವರಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಎಸ್‌ಡಬ್ಲ್ಯುಆರ್ 3 ಇದ್ದಾಗ ಮೀಟರ್ ಮುಂದಕ್ಕೆ 100 ವ್ಯಾಟ್ ತೋರಿಸಿದರೆ ಲೋಡಿಗೆ ಸಂದದ್ದು 75. ಇದರ ಮೇಲೆ ಕಪ್ಲರಿನ ಡೈರೆಕ್ಟಿವಿಟಿ 20 ಡೆಸಿಬೆಲ್ ಮಾತ್ರವಿದ್ದರೆ, ಎಸ್‌ಡಬ್ಲ್ಯುಆರ್ 2ರಲ್ಲೇ ಮುಂದಿನ ಪವರಿನ ಅಂಕಿ ಸುಮಾರು 7 ಪ್ರತಿಶತ ಅತ್ತಿತ್ತ ಆಗಬಹುದು. ಆದ್ದರಿಂದ ಆಂಟೆನಾ ಕಟ್ಟಿಕೊಂಡು ಅಳೆಯುವ ಮಾತನ್ನು ಬಿಟ್ಟು, ಒಳ್ಳೆಯ 50 ಓಮ್ ಡಮ್ಮಿ ಲೋಡನ್ನೇ ಇಲ್ಲಿ ಗೃಹೀತ ಹಿಡಿಯುತ್ತೇನೆ.

ಇನ್ನು ಮೂಲ ಪ್ರಶ್ನೆ. ಸಮಬಲದ ಎರಡು ಸ್ವರಗಳಿದ್ದಾಗ ಸರಾಸರಿ ಪವರ್ ಪಿಇಪಿಯ ಅರ್ಧ ಎಂದು ಕೈಪಿಡಿಗಳು ಹೇಳುತ್ತವೆ. ಅದು ನಿಸ್ಸಂದೇಹವಾಗಿ ಸರಿ. ಒಂದೊಂದು ಸ್ವರದ ಪವರ್ ಒಂದು ಪಾಲು ಎಂದರೆ ಎರಡರ ಮೊತ್ತ ಎರಡು ಪಾಲು. ಎರಡೂ ಒಂದೇ ಹಂತದಲ್ಲಿ ಕೂಡಿದ ಗಳಿಗೆಯಲ್ಲಿ ವೋಲ್ಟೇಜ್ ಇಮ್ಮಡಿಯಾಗಿ, ಪವರ್ ನಾಲ್ಕು ಪಾಲಾಗುತ್ತದೆ. ಎರಡಕ್ಕೆ ನಾಲ್ಕು, ಅರ್ಧ. ಲೋಡಿನ ಬಿಸಿಯನ್ನು ಅಳೆಯುವ ಥರ್ಮಲ್ ಮೀಟರಿಗೆ ಈ ಲೆಕ್ಕ ಹಾಗೆಯೇ ಅನ್ವಯಿಸುತ್ತದೆ. ತಪ್ಪು ಆಗುವುದು ನಂತರದ ಹೆಜ್ಜೆಯಲ್ಲಿ, ಮುಳ್ಳು ತೋರಿಸುವುದೇ ಸರಾಸರಿ ಪವರ್ ಎಂದು ಸುಮ್ಮನೆ ಒಪ್ಪಿಕೊಳ್ಳುವಲ್ಲಿ.

ಬರ್ಡ್ 43 ಮಾದರಿಯನ್ನೇ ತೆಗೆದುಕೊಳ್ಳಿ. ಅದರ ಪ್ಲಗ್-ಇನ್ ಎಲಿಮೆಂಟಿನೊಳಗೆ ಇರುವುದು ಡಯೋಡ್. ಅದು ಕೊಡುವ ಡಿಸಿ ಹೋಗಿ ಸೇರುವುದು 30 ಮೈಕ್ರೊಆಂಪಿಯರಿನ ಮೂವ್‌ಮೆಂಟಿಗೆ. ಡಯೋಡಿಗೆ ಸಾಕಷ್ಟು ವೋಲ್ಟೇಜ್ ಇರುವಾಗ ಅದರ ಕರೆಂಟು ಆರ್‌ಎಫ್ ವೋಲ್ಟೇಜಿಗೆ ಅನುಪಾತದಲ್ಲಿರುತ್ತದೆ, ಪವರಿಗೆ ಅಲ್ಲ. ಪವರ್ ಕಾಣಿಸುವುದು ಡಯಲ್ಲಿನ ಮೇಲೆ ಅಚ್ಚು ಹಾಕಿದ ಗೆರೆಗಳಲ್ಲಿ, ಮತ್ತು ಆ ಗೆರೆಗಳನ್ನು ಎಳೆದಿರುವುದು ಒಂದೇ ಸಮನಾದ ಕ್ಯಾರಿಯರಿಗೆ. ಟೂ-ಟೋನ್ ಎನ್ವಲಪ್ ಬಂದಾಗ ಮುಳ್ಳು ತನ್ನ ಜಡತ್ವದಿಂದ ಸರಾಸರಿ ಮಾಡುವುದು ವೋಲ್ಟೇಜನ್ನು. ಈ ಎನ್ವಲಪ್ ಪೂರ್ಣತರಂಗ ರೆಕ್ಟಿಫೈ ಮಾಡಿದ ಸೈನ್ ಆಕಾರದ್ದು, ಅದರ ಸರಾಸರಿ ಶಿಖರದ 2/π, ಅಂದರೆ 63.7 ಪ್ರತಿಶತ. ಡಯಲ್ಲು ಅದನ್ನು ವರ್ಗ ಮಾಡಿ ತೋರಿಸುತ್ತದೆ: 40.5 ಪ್ರತಿಶತ. ಸರಾಸರಿ ತೆಗೆದು ವರ್ಗ ಮಾಡುವುದು ಬೇರೆ, ವರ್ಗ ಮಾಡಿ ಸರಾಸರಿ ತೆಗೆಯುವುದು ಬೇರೆ. ಮೀಟರ್ ಮಾಡುವುದು ಮೊದಲನೆಯದನ್ನು, ಸೂತ್ರ ನೆಚ್ಚಿಕೊಂಡಿರುವುದು ಎರಡನೆಯದನ್ನು.

ಹಾಗಾಗಿ 100 ವ್ಯಾಟ್ ಪಿಇಪಿ ಕೊಡುತ್ತಿರುವ ಸೆಟ್ಟಿಗೆ ಮುಳ್ಳು 40.5 ತೋರಿಸುತ್ತದೆ, ಬಳಕೆದಾರ ಅದನ್ನು ದುಪ್ಪಟ್ಟು ಮಾಡಿ 81 ಎಂದು ಬರೆದುಕೊಳ್ಳುತ್ತಾನೆ. ವ್ಯತ್ಯಾಸ 0.9 ಡೆಸಿಬೆಲ್. ಒಂದು ಎಸ್-ಯೂನಿಟ್ 6 ಡೆಸಿಬೆಲ್ ಎಂದಿರುವಾಗ ಆಚೆ ಕೇಳುವವನಿಗೆ ಇದು ಗೊತ್ತೇ ಆಗದು, ಇಷ್ಟಕ್ಕೆ ಒಂದು ಲೇಖನವೇ ಎಂದು ಯಾರಾದರೂ ಕೇಳಬಹುದು. ತೊಂದರೆ ಇರುವುದು ಆ ಬಳಕೆದಾರ ಮುಂದೆ ಮಾಡುವ ಕೆಲಸದಲ್ಲಿ. ಸೆಟ್ಟು 19 ವ್ಯಾಟ್ ಕಡಿಮೆ ಕೊಡುತ್ತಿದೆ ಎಂದುಕೊಂಡು ಮೈಕ್ ಗೇನ್ ಏರಿಸುತ್ತಾನೆ. ಅವನ ಲೆಕ್ಕದಲ್ಲಿ 100 ಬರಬೇಕಾದರೆ ನಿಜದಲ್ಲಿ 123 ವ್ಯಾಟ್ ಪಿಇಪಿ ಹೊರಡಬೇಕು. 100 ವ್ಯಾಟಿನ ಫೈನಲ್ ಟ್ರಾನ್ಸಿಸ್ಟರುಗಳು ಅದಕ್ಕೆ ಮೊದಲೇ ಚಪ್ಪಟೆಯಾಗುತ್ತವೆ, ಅಕ್ಕಪಕ್ಕದ ಫ್ರೀಕ್ವೆನ್ಸಿಯವರು ಸ್ಪ್ಲ್ಯಾಟರಿನ ಬಗ್ಗೆ ದೂರುತ್ತಾರೆ.

2.47 ಎಂಬ ಅಂಕಿಯನ್ನು, ಅಂದರೆ π²/4 ಅನ್ನು, ನಾನು ಷರತ್ತುಗಳ ಜೊತೆಯಲ್ಲೇ ಮುಂದಿಡುತ್ತಿದ್ದೇನೆ. ಕಡಿಮೆ ವೋಲ್ಟೇಜಿನಲ್ಲಿ ಡಯೋಡ್ ಸ್ಕ್ವೇರ್-ಲಾ ವಲಯಕ್ಕೆ ಜಾರುತ್ತದೆ, ಅಲ್ಲಿ ಕರೆಂಟು ಪವರಿಗೇ ಅನುಪಾತದಲ್ಲಿರುವುದರಿಂದ ಹಳೆಯ ಗುಣಕ 2 ಮತ್ತೆ ಸರಿಯಾಗುತ್ತದೆ. ಎನ್ವಲಪ್ಪಿನ ಕಣಿವೆಗಳಲ್ಲಿ ಯಾವ ಡಯೋಡೂ ಸ್ವಲ್ಪ ಹೊತ್ತು ಈ ವಲಯವನ್ನು ಹಾಯ್ದೇ ಹೋಗಬೇಕು, ಆದ್ದರಿಂದ ನಿಜವಾದ ಗುಣಕ 2.47ಕ್ಕಿಂತ ತುಸು ಕೆಳಗೇ ಇರಬೇಕು. ಡಿಟೆಕ್ಟರಿನ ಕೆಪಾಸಿಟರ್ ದೊಡ್ಡದಿದ್ದರೆ ಇಡೀ ಲೆಕ್ಕವೇ ಬೇರೆಯಾಗುತ್ತದೆ. 700 ಮತ್ತು 1,900 ಹರ್ಟ್ಸ್ ಸ್ವರಗಳನ್ನು ಕೊಟ್ಟರೆ ಎನ್ವಲಪ್ ಸೆಕೆಂಡಿಗೆ 1,200 ಬಾರಿ, ಅಂದರೆ 0.83 ಮಿಲಿಸೆಕೆಂಡಿಗೊಮ್ಮೆ ಏರಿಳಿಯುತ್ತದೆ. ಮನೆಯಲ್ಲಿ ಕಟ್ಟಿದ ಮೀಟರಿನಲ್ಲಿ 0.01 ಮೈಕ್ರೊಫ್ಯಾರಡ್ ಮತ್ತು 100 ಕಿಲೊಓಮ್ ಸೇರಿದರೆ ಟೈಮ್ ಕಾನ್‌ಸ್ಟಂಟ್ 1 ಮಿಲಿಸೆಕೆಂಡ್. ಆಗ ಕೆಪಾಸಿಟರ್ ಶಿಖರವನ್ನು ಅರೆಬರೆ ಹಿಡಿದಿಡುತ್ತದೆ, ಅಂಕಿ 40.5ಕ್ಕೂ 100ಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ, ಅಂಥ ಮೀಟರಿಗೆ ಯಾವ ಸ್ಥಿರ ಗುಣಕವನ್ನೂ ಹೇಳಲಾಗದು. ಸ್ವರಗಳ ಅಸಮತೋಲನ ಮಾತ್ರ ಅಷ್ಟು ಕಾಡುವುದಿಲ್ಲ. ಒಂದು ಸ್ವರ ಇನ್ನೊಂದಕ್ಕಿಂತ 2 ಡೆಸಿಬೆಲ್ ಕಡಿಮೆಯಿದ್ದರೂ ಮುಳ್ಳು ಪಿಇಪಿಯ ಸುಮಾರು 42 ಪ್ರತಿಶತ ತೋರಿಸುತ್ತದೆ.

ಆಸಿಲೋಸ್ಕೋಪ್ ಇರುವಾಗ ಇಷ್ಟೆಲ್ಲ ಏಕೆ ಎಂಬ ಆಕ್ಷೇಪಕ್ಕೂ ಉತ್ತರ ಕೊಡಬೇಕು. 50 ಓಮಿನಲ್ಲಿ 100 ವ್ಯಾಟಿಗೆ ಶಿಖರ ವೋಲ್ಟೇಜ್ 100. ಸ್ಕೋಪಿನ ಲಂಬ ನಿಖರತೆ 3 ಪ್ರತಿಶತ ಎಂದರೆ ಪವರಿನಲ್ಲಿ 6 ಪ್ರತಿಶತ. ಮೇಲೆ 12 ಪಿಕೊಫ್ಯಾರಡಿನ ಪ್ರೋಬು 28 ಮೆಗಾಹರ್ಟ್ಸಿನಲ್ಲಿ ಸುಮಾರು 470 ಓಮಿನ ಹೊರೆಯಾಗಿ ಲೋಡಿಗೆ ಜೋತುಬೀಳುತ್ತದೆ, ಸ್ಕೋಪಿನ ಬ್ಯಾಂಡ್‌ವಿಡ್ತ್ 100 ಮೆಗಾಹರ್ಟ್ಸ್ ಆಗಿದ್ದರೆ ಅಲ್ಲೂ ಒಂದಿಷ್ಟು ಪ್ರತಿಶತ ಸೋರುತ್ತದೆ. ನೇರ ಅಳತೆಗೆ ಸ್ಕೋಪು ಮೀಟರಿಗಿಂತ ಹೆಚ್ಚೇನೂ ನಂಬಿಕಸ್ಥವಲ್ಲ. ಆದರೆ ಹೋಲಿಕೆಗೆ ಅದನ್ನು ಮೀರಿಸಿದ ಸಾಧನವಿಲ್ಲ. ಮೊದಲು ಸಿಡಬ್ಲ್ಯುನಲ್ಲಿ 50 ವ್ಯಾಟ್ ಹೊರಡಿಸಿ ಪರದೆಯ ಮೇಲೆ ಎತ್ತರ ಗುರುತು ಹಾಕಿಕೊಳ್ಳಬೇಕು. ನಂತರ ಅದೇ ಫ್ರೀಕ್ವೆನ್ಸಿಯಲ್ಲಿ ಟೂ-ಟೋನ್ ಶಿಖರ ಅದೇ ಗೆರೆಯನ್ನು ಮುಟ್ಟುವವರೆಗೆ ಗೇನ್ ಹೊಂದಿಸಬೇಕು. ಸ್ಕೋಪಿನ ದೋಷಗಳೆಲ್ಲ ಎರಡೂ ಕಡೆ ಒಂದೇ ಆಗಿರುವುದರಿಂದ ಈಗ ಪಿಇಪಿ 50 ವ್ಯಾಟ್ ಎಂದು ನಿಶ್ಚಯವಾಗಿ ಹೇಳಬಹುದು. ಮುಳ್ಳು 20ರ ಬಳಿ ನಿಂತರೆ ನನ್ನ ವಾದ, 25ರಲ್ಲಿ ನಿಂತರೆ ಹಳೆಯ ರೂಢಿ. ಇಲ್ಲಿ 100 ವ್ಯಾಟಿನ ಎಲಿಮೆಂಟ್ ಹಾಕಬಾರದು. ಬರ್ಡ್ 43ರ ನಿಖರತೆ ಪೂರ್ಣ ಮಾಪಕದ 5 ಪ್ರತಿಶತ, ಎಂದರೆ 5 ವ್ಯಾಟ್, ನಾವು ಹುಡುಕುತ್ತಿರುವ ಅಂತರವೂ ಅಷ್ಟೇ. 50 ವ್ಯಾಟಿನ ಎಲಿಮೆಂಟೇ ಬೇಕು.

ಮಾತಿನ ಸಿಗ್ನಲಿಗೆ ಈ ಗುಣಕವನ್ನು ಯಾರೂ ಹಚ್ಚಬಾರದು. ಅಲ್ಲಿ ಶಿಖರಕ್ಕೂ ಸರಾಸರಿಗೂ ಇರುವ ಅನುಪಾತ ಮಾತನಾಡುವವರಿಂದ ಮಾತನಾಡುವವರಿಗೆ, ಸ್ಪೀಚ್ ಪ್ರೊಸೆಸರಿನ ಸೆಟ್ಟಿಂಗಿಗೆ ತಕ್ಕಂತೆ ಬದಲಾಗುತ್ತದೆ. ಟ್ರಾನ್ಸೀವರುಗಳ ಒಳಗಿನ ಮೀಟರುಗಳಲ್ಲಿ, ಅಗ್ಗದ ಡಿಜಿಟಲ್ ವ್ಯಾಟ್‌ಮೀಟರುಗಳಲ್ಲಿ ಡಿಟೆಕ್ಟರಿನ ಟೈಮ್ ಕಾನ್‌ಸ್ಟಂಟನ್ನು ಪ್ರತ್ಯೇಕವಾಗಿ ಅಳೆಯದೆ ಯಾವ ಗುಣಕವನ್ನೂ ಸೂಚಿಸುವಂತಿಲ್ಲ, ಆ ಕೆಲಸ ಇನ್ನೂ ಬಾಕಿ ಇದೆ. ಟೂ-ಟೋನ್ ಪರೀಕ್ಷೆಯ ಫಲಿತಾಂಶ ಪ್ರಕಟಿಸುವವರು ವ್ಯಾಟಿನ ಅಂಕಿಯ ಪಕ್ಕದಲ್ಲಿ ಮೀಟರು ಥರ್ಮಲ್ ಜಾತಿಯದೋ ಡಯೋಡ್ ಜಾತಿಯದೋ ಎಂಬುದನ್ನೂ, ಬಳಸಿದ ಸ್ವರಗಳ ಫ್ರೀಕ್ವೆನ್ಸಿಯನ್ನೂ ನಮೂದಿಸಬೇಕೆಂದು ಕೋರುತ್ತೇನೆ.