ಅತ್ತೆಯವರ ಡಬ್ಬಿಯ ಆನೆಕಾಸು

ದುಡ್ಡು, ಕಾಸು, ಹಣ ಎಂದು ದಿನಕ್ಕೆ ನೂರು ಸಲ ಹೇಳುತ್ತೇವೆ. ಒಂದು ಕಾಲದಲ್ಲಿ ಈ ಮೂರೂ ಬೇರೆ ಬೇರೆ ನಾಣ್ಯಗಳ ಹೆಸರು ಎಂಬುದು ಮಾತ್ರ ಮರೆತುಹೋಗಿದೆ. ಹಣ ಚಿನ್ನದ್ದು, ಬೇಳೆಕಾಳಿನಷ್ಟು ಗಾತ್ರ. 1638ರಿಂದ 1659ರವರೆಗೆ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರು ಹಾಕಿಸಿದ ಕಂಠೀರಾಯಿ ಹಣದ ಮೇಲೆ ನರಸಿಂಹನ ಮೂರ್ತಿಯಿದೆ. ನನಗಂತೂ ಕನ್ನಡಕ ಹಾಕಿಕೊಂಡರೂ ಸರಿಯಾಗಿ ಕಾಣದು. ಕಾಸು, ದುಡ್ಡು ತಾಮ್ರದವು. ಬಡವರ ಸೆರಗಿನ ಗಂಟಿಗೆ ಬರುತ್ತಿದ್ದುದು ಇವೇ.

ಬೆಳ್ಳಾವಿಯ ನಮ್ಮ ಮನೆಯಲ್ಲಿ ಅತ್ತೆಯವರದೊಂದು ತಗಡಿನ ಡಬ್ಬಿಯಿತ್ತು. ಅವರು ತೀರಿಕೊಂಡ ಮೇಲೆ ತೆರೆದರೆ, ಮೇಲೆ ಯುದ್ಧಕಾಲದಲ್ಲಿ ಬಂದ ತೂತಿನ ಬಿಲ್ಲೆಗಳು, ಅಡಿಯಲ್ಲಿ ಆನೆಯಿರುವ ಎರಡು ತಾಮ್ರದ ಕಾಸು. "ಅತ್ತಿಗೆ, ಇವನ್ನೆಲ್ಲ ಕರಗಿಸಿ ದೇವರಿಗೊಂದು ಪಂಚಪಾತ್ರೆ ಮಾಡಿಸೋಣ" ಎಂದಳು ನಾದಿನಿ. ಇತಿಹಾಸ ಪಾಠ ಮಾಡುವವಳು ನಾನು, ಒಪ್ಪಲಿಲ್ಲ.

ಒಂದು ಟಿಪ್ಪುವಿನದು. ಅವನು 1787ರಲ್ಲಿ ಹೊಸ ಶಕೆ ತಂದು, ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1216 ಎಂಬುದು ನಮ್ಮ ಕಣ್ಣಿಗೆ 6121. ಆಮೇಲೆ ನಾಣ್ಯಗಳಿಗೆ ಗ್ರಹತಾರೆಗಳ ಹೆಸರಿಟ್ಟ: ಪೈಸೆಗೆ ಜೊಹ್ರಾ, ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಂ, ಅಂದರೆ ಮಂಗಳ. ಇನ್ನೊಂದು ಕಾಸು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಆನೆಯ ಮೇಲೆ ಸೂರ್ಯ ಚಂದ್ರ, ಹಿಂದುಗಡೆ ಕನ್ನಡದಲ್ಲಿ 'ಮಯಿಲಿ ಕಾಸು', ಜೊತೆಗೆ ಇಂಗ್ಲಿಷಿನಲ್ಲೂ ಇಪ್ಪತ್ತು ಕಾಸೆಂಬ ಬರಹ. 1843ರಲ್ಲಿ ಮೈಸೂರು ಸಂಸ್ಥಾನದ ಟಂಕಸಾಲೆಯೇ ಮುಚ್ಚಿಹೋಯಿತು.

ಟಿಪ್ಪುವಿನ ಆನೆಕಾಸು ಚಲಾವಣೆಯಲ್ಲಿದ್ದಾಗಲೇ, 1793ರಲ್ಲಿ, ಅಮೆರಿಕದವರು ತಮ್ಮ ದೊಡ್ಡ ತಾಮ್ರದ ಸೆಂಟ್ ಹಾಕಿಸತೊಡಗಿದರು. ಆ ಸೆಂಟ್‌ಗಳನ್ನು ಕೂಡಿಡುತ್ತಿದ್ದ ವಿಲಿಯಂ ಶೆಲ್ಡನ್ ಎಂಬ ಮನಃಶಾಸ್ತ್ರಜ್ಞ 1949ರಲ್ಲಿ, ನಾವು ಮಕ್ಕಳಿಗೆ ಅಂಕ ಕೊಡುವಂತೆ, ನಾಣ್ಯಕ್ಕೂ ಅಂಕ ಹಾಕುವ ಕ್ರಮ ಮಾಡಿದ. ಯಾವ ನಾಣ್ಯವೆಂದು ಗುರುತು ಸಿಕ್ಕುವಷ್ಟು ಮಾತ್ರ ಉಳಿದಿದ್ದರೆ 1, ಅಚ್ಚಿನಿಂದ ಈಗ ತಾನೇ ಬಿದ್ದಂತಿದ್ದರೆ 70. (ನೂರಕ್ಕೇಕೆ ಅಲ್ಲ ಎಂದು ನಮ್ಮ ಹುಡುಗರು ಕೇಳುತ್ತಾರೆ. ಒಂದು ಅಂಕದ ನಾಣ್ಯಕ್ಕೆ ಒಂದು ಡಾಲರಾದರೆ ಎಪ್ಪತ್ತರದಕ್ಕೆ ಎಪ್ಪತ್ತು ಡಾಲರ್ ಎಂಬ ಲೆಕ್ಕ ಅವನದು. ಆ ಲೆಕ್ಕ ಬಹಳ ದಿನ ನಿಲ್ಲಲಿಲ್ಲ, ಅಂಕ ನಿಂತಿತು.) ಸವೆತ ನೋಡುವುದು ಉಬ್ಬಿದ ಕಡೆ. ಅವರು ಸೆಂಟಿನ ಮೇಲಿನ ಹೆಣ್ಣಿನ ಮುಡಿ ನೋಡಿದರೆ, ನಾವು ಆನೆಯ ತಲೆ, ಹೊಟ್ಟೆ ನೋಡಬೇಕು.

ನಮ್ಮಲ್ಲಿ ಅಂಕ ಕಳೆಯುವುದು ಸವೆತಕ್ಕಿಂತ ಹುಣಸೆಹಣ್ಣು. ತುಮಕೂರು ಸೀಮೆಯಲ್ಲಿ ಅದಕ್ಕೇನು ಬರ! ಹಬ್ಬ ಬಂತೆಂದರೆ ಕಳಶದ ಜೊತೆ ಕಾಸನ್ನೂ ಉಜ್ಜಿ ಫಳಫಳ ಮಾಡುತ್ತೇವೆ. ಇನ್ನೂರು ವರ್ಷ ಗಾಳಿಯಲ್ಲಿ ಕೂತು ಬಂದ ಕಂದುಬಣ್ಣವೇ ತಾಮ್ರದ ಚರ್ಮ. ಅದು ಹೋದರೆ ಮತ್ತೆ ಬಾರದು, ಬಲ್ಲವರು ಮುಟ್ಟುವುದೂ ಇಲ್ಲ. ಕಾಸಿನ ಸರಕ್ಕೆಂದು ಕೊಂಡಿ ಬೆಸೆದ ಸವರನ್ನಿಗೂ ಇದೇ ಗತಿ. ಅದು ಚಿನ್ನದ ತೂಕಕ್ಕೆ ಮಾತ್ರ.

ಹಳೆಯದೆಲ್ಲ ಬೆಲೆಬಾಳುವುದೂ ಅಲ್ಲ. ತೂತಿನ ಬಿಲ್ಲೆ ಲೆಕ್ಕವಿಲ್ಲದಷ್ಟು ಸಿಗುತ್ತವೆ. ಆದರೂ ಫೋನಿನಲ್ಲಿ ಲಕ್ಷದ ಆಸೆ ತೋರಿಸುವವರಿದ್ದಾರೆ. ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯ, ನೋಟಿನ ಮಾರಾಟಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿತ್ತು. ಅದು ನನ್ನ ಪರಿಚಯದ ಟೀಚರೊಬ್ಬರ ಕಿವಿಗೆ ಬಿದ್ದಿರಲಿಲ್ಲ. ಹತ್ತು ಪೈಸೆಯ ಒಂದು ಬಿಲ್ಲೆಗೆ ಮೂರು ಲಕ್ಷ ಬರುತ್ತದೆಂದು ನಂಬಿ, ಮೊದಲು ನೋಂದಣಿಗೆ, ಆಮೇಲೆ ತೆರಿಗೆಗೆ ಎಂದು ಎರಡು ತಿಂಗಳ ಸಂಬಳ ಕಳಿಸಿದರು. ಯಜಮಾನರಿಗೆ ಇನ್ನೂ ಹೇಳಿಲ್ಲ. ಬಿಲ್ಲೆ ಅವರ ಪರ್ಸಿನಲ್ಲೇ ಇದೆ.