ಹಿಮದಡಿಯ ಕಡಲು

ಹುಡುಗಿಯೊಬ್ಬಳು ಭೌತಶಾಸ್ತ್ರ ಓದುತ್ತೇನೆಂದರೆ ಹಿರಿಯರ ಹುಬ್ಬು ಮೇಲೇರುವುದು ನಮ್ಮೂರಿನ ಸಂಗತಿ ಮಾತ್ರವಲ್ಲ. 1928ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಮಾರ್ಗರೆಟ್‌ಗೂ ಬಂಧುವೊಬ್ಬರು ಅದೇ ಧಾಟಿಯಲ್ಲಿ ಬುದ್ಧಿ ಹೇಳಿದ್ದರು: ಆಹಾರ, ಪಥ್ಯದ ವಿಷಯ ಓದಿಕೋ, ಹೆಣ್ಣುಮಕ್ಕಳಿಗೆ ಅಲ್ಲಾದರೆ ಕೆಲಸ ಸಿಗುತ್ತದೆ ಎಂದು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಒಳ್ಳೆಯದಾಗಲೆಂದೇ ಹೇಳಿದ್ದಿರಬೇಕು. ಇಂಥ ಮಾತನ್ನು ಮೀರುವುದು ಕಷ್ಟವಾಗುವುದೂ ಅದಕ್ಕೇ.

ಮಾರ್ಗರೆಟ್ ಮೀರಿದರು. ಹಾರ್ವರ್ಡಿನ ಜೊತೆಗಿದ್ದ ಹೆಣ್ಣುಮಕ್ಕಳ ಕಾಲೇಜು ರ‍್ಯಾಡ್‌ಕ್ಲಿಫ್ ಸೇರಿ, ಮುಂದೆ ನೊಬೆಲ್ ಪಡೆದ ಜೂಲಿಯನ್ ಶ್ವಿಂಗರ್ ಅವರ ಶಿಷ್ಯೆಯಾಗಿ 1957ರಲ್ಲಿ ಡಾಕ್ಟರೇಟ್ ಗಳಿಸಿದರು. ಅಷ್ಟರಲ್ಲಿ ಮದುವೆಯಾಗಿತ್ತು, ಮನೆಯಲ್ಲಿ ಪುಟ್ಟ ಮಗುವಿತ್ತು. ರಸಾಯನಶಾಸ್ತ್ರಜ್ಞರಾದ ಪತಿ ಡೇನಿಯಲ್ ಕಿವೆಲ್ಸನ್ ಅವರಿಗೆ ಲಾಸ್ ಏಂಜಲೀಸಿನಲ್ಲಿ ಕೆಲಸ ಸಿಕ್ಕಿ, 1955ರಲ್ಲೇ ಸಂಸಾರ ಅಲ್ಲಿಗೆ ಸಾಗಿತ್ತು. ಅಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಮಾರ್ಗರೆಟ್ ಸಲಹೆಗಾರ್ತಿಯಾದರು. ಹೀಗೇ ಹತ್ತು ವರ್ಷ ಕಳೆಯಿತು. ಸಂಸಾರದಿಂದಾಗಿ ಓದಿನ ಹಾದಿ ತುಂಡಾದ ಹೆಣ್ಣುಮಕ್ಕಳಿಗೆಂದೇ ರ‍್ಯಾಡ್‌ಕ್ಲಿಫ್‌ನಲ್ಲಿ ಒಂದು ಕೇಂದ್ರ ಶುರುವಾಗಿತ್ತು. 1965ರಲ್ಲಿ ಅಲ್ಲಿನ ಫೆಲೋಶಿಪ್ ಸಿಕ್ಕಿ ಒಂದು ವರ್ಷ ಮತ್ತೆ ಹಾರ್ವರ್ಡಿನಲ್ಲಿ ಕಳೆದರು. ಹಿಂದಿರುಗಿದ ಮೇಲೆ, 1967ರಲ್ಲಿ, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸಹಾಯಕ ಸಂಶೋಧಕಿಯಾಗಿ ಸೇರಿದರು. ಆಗ ಅವರು ನಲವತ್ತರ ಹೊಸ್ತಿಲಲ್ಲಿದ್ದರು. ‘ಇನ್ನು ನಮ್ಮದೇನಿದೆ, ಮಕ್ಕಳದು ನೋಡಬೇಕು’ ಎಂದು ನಮ್ಮಲ್ಲಿ ಎಷ್ಟೋ ಜನ ಹೇಳಿಕೊಳ್ಳುವ ವಯಸ್ಸು ಅದು.

ಅವರನ್ನು ಸೆಳೆದದ್ದು ಗುರುಗ್ರಹ. ಬೆಂಕಿ ಕಾಣದ, ಆದರೆ ಸುಡುವ ಜಾಗ ಅದು. ಗುರುವಿನ ಬಲವಾದ ಕಾಂತಕ್ಷೇತ್ರ ವಿದ್ಯುದಂಶವುಳ್ಳ ಕಣಗಳನ್ನು ಹಿಡಿದಿಟ್ಟು, ಹತ್ತು ಗಂಟೆಗೊಂದು ಸುತ್ತಿನಂತೆ ತನ್ನೊಡನೆ ತಿರುಗಿಸುತ್ತದೆ. ಈ ವಿಕಿರಣದ ಸುಳಿಯಲ್ಲೇ ಅದರ ಹಿಮಚಂದ್ರ ಯೂರೋಪಾ ಇದೆ. ರಕ್ಷಣೆಯಿಲ್ಲದೆ ಆ ಹಿಮದ ಮೇಲೆ ನಿಂತವರಿಗೆ ಒಂದೇ ದಿನದಲ್ಲಿ ಪ್ರಾಣಾಂತಿಕವಾಗುವಷ್ಟು ವಿಕಿರಣ ತಾಗೀತು. ಕಣಗಳ ಪ್ರವಾಹ ಚಂದ್ರನಿಗಿಂತ ವೇಗವಾಗಿ ಸುತ್ತುವುದರಿಂದ ಹೆಚ್ಚಿನ ಪೆಟ್ಟು ಬೀಳುವುದು ಯೂರೋಪಾದ ಬೆನ್ನಿಗೆ. ಆ ಬದಿ ಕಂದುಗೆಂಪಾಗಿದೆ. ಹಿಮದ ನೀರು ಒಡೆದು ಆಮ್ಲಜನಕ ಹುಟ್ಟುತ್ತದೆ, ಗಾಯ ತೊಳೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತದೆ.

ಅಲ್ಲಿಗೆ ಹೋಗಲಿದ್ದ ಗೆಲಿಲಿಯೋ ನೌಕೆಯ ಕಾಂತಮಾಪಕದ ಹೊಣೆ ಕಿವೆಲ್ಸನ್ ಅವರದಾಯಿತು. ಉಪಕರಣಗಳು ಆಯ್ಕೆಯಾದದ್ದು 1977ರಲ್ಲಿ. ನೌಕೆ ಗುರುವನ್ನು ತಲುಪಿದ್ದು 1995ರ ಡಿಸೆಂಬರ್ 7ರಂದು. ನಡುವೆ 1986ರ ಚಾಲೆಂಜರ್ ದುರಂತದಿಂದ ಉಡಾವಣೆ 1989ಕ್ಕೆ ಹೋಯಿತು. ಮೇಲೆ ಹಾರಿದ ಮೇಲೆ ದೊಡ್ಡ ಆಂಟೆನಾ ಬಿಚ್ಚಿಕೊಳ್ಳಲಿಲ್ಲ. ಚಿಕ್ಕದರಿಂದಲೇ ಮಾಹಿತಿ ನಿಧಾನವಾಗಿ ಬರಬೇಕಾಯಿತು. ಹದಿನೆಂಟು ವರ್ಷವೆಂದರೆ, ತೊಟ್ಟಿಲಲ್ಲಿದ್ದ ಕೂಸು ಕಾಲೇಜಿಗೆ ಹೋಗುವಷ್ಟು ಕಾಲ!

1996ರ ಜೂನಿನಲ್ಲಿ ಮೊದಲ ಬೆರಗು. ಗ್ಯಾನಿಮೀಡ್ ಎಂಬ ಚಂದ್ರನಿಗೆ ತನ್ನದೇ ಕಾಂತಕ್ಷೇತ್ರವಿತ್ತು. ಆ ಕ್ಷೇತ್ರ ಅದರ ನಡುಭಾಗಕ್ಕೆ ಕೊಡೆ ಹಿಡಿದು ಕಣಗಳನ್ನು ಧ್ರುವಗಳತ್ತ ತಿರುಗಿಸುತ್ತದೆ. ಧ್ರುವಗಳ ಬಿಳುಪಿಗೂ ಅಲ್ಲಿ ಬೀಳುವ ಕಣಗಳಿಗೂ ನಂಟಿದೆಯೆಂದು ಮುಂದೆ ತಿಳಿಯಿತು.

ಯೂರೋಪಾದ ಕತೆಯೇ ಬೇರೆ. ಅದನ್ನು ತಿಳಿಯಲು ನಮ್ಮ ಅಡುಗೆಮನೆಯ ಇಂಡಕ್ಷನ್ ಒಲೆ ಸಾಕು. ಬದಲಾಗುತ್ತಿರುವ ಕಾಂತಕ್ಷೇತ್ರ ಸ್ಟೀಲ್ ಪಾತ್ರೆಯ ತಳದಲ್ಲಿ ವಿದ್ಯುತ್ತು ಹುಟ್ಟಿಸುತ್ತದೆ, ಪಾತ್ರೆ ಕಾಯುತ್ತದೆ. ಮಣ್ಣಿನ ಗಡಿಗೆ ಇಟ್ಟರೆ ಏನೂ ಆಗದು. ಗುರುವಿನ ಕಾಂತದ ಅಕ್ಷ ಸುಮಾರು 10 ಡಿಗ್ರಿ ವಾಲಿರುವುದರಿಂದ ಯೂರೋಪಾದ ಮೇಲಿನ ಕ್ಷೇತ್ರ ಗಂಟೆಗಂಟೆಗೂ ಬದಲಾಗುತ್ತಿರುತ್ತದೆ. ಯೂರೋಪಾ ಬರೀ ಗಟ್ಟಿ ಹಿಮವಾಗಿದ್ದರೆ ಗಡಿಗೆಯ ಹಾಗೆ ಸುಮ್ಮನಿರಬೇಕಿತ್ತು. ಅದು ಸ್ಟೀಲ್ ಪಾತ್ರೆಯ ಹಾಗೆ ಓಗೊಟ್ಟಿತು. ವಿದ್ಯುತ್ತು ಹರಿಯುವ ಏನೋ ಒಂದು ಪದರ ಒಳಗಿರಬೇಕು. ಉಪ್ಪುನೀರಿನ ಕಡಲಾದರೆ ಲೆಕ್ಕ ಕೂಡಿಬರುತ್ತದೆ. ಭಾರತ ಮೂಲದ ಕೃಷನ್ ಖುರಾನಾ ಅವರೊಡನೆ ಈ ವಾದವನ್ನು 1998ರಲ್ಲಿ ಪ್ರಕಟಿಸಿದರು. ಆದರೂ ಒಂದು ಅನುಮಾನ ಉಳಿಯಿತು: ಒಳಗೆ ಬರೀ ಒಂದು ಶಾಶ್ವತ ಕಾಂತವಿದ್ದರೆ? ಹಾಗಿದ್ದರೆ ಗುರುವಿನ ಕ್ಷೇತ್ರ ದಿಕ್ಕು ಬದಲಿಸಿದಾಗಲೂ ಅದು ಬದಲಾಗಬಾರದು. 2000ದ ಜನವರಿ 3ರಂದು ಅಂಥ ಹೊತ್ತು ನೋಡಿಯೇ ನೌಕೆ ಹಾದುಹೋಯಿತು. ಯೂರೋಪಾದ ಕ್ಷೇತ್ರ ತಿರುಗಿತ್ತು. ಕಿವೆಲ್ಸನ್‌ಗೆ ಆಗ 71 ವರ್ಷ.

ಯಾರೂ ಕಣ್ಣಾರೆ ಕಾಣದ ಆ ಕಡಲಿನಲ್ಲಿ ಭೂಮಿಯ ಸಮುದ್ರಗಳೆಲ್ಲ ಸೇರಿದರೂ ಅದರ ಎರಡು ಪಟ್ಟು ನೀರಿರಬಹುದೆಂಬ ಅಂದಾಜಿದೆ. ನನ್ನನ್ನು ಬಹಳ ಕಾಡಿದ ಮಾತು ಇನ್ನೊಂದು. ಮೇಲೆ ಜೀವದ ಕಣಗಳನ್ನು ನಾಶಮಾಡಬಲ್ಲ ವಿಕಿರಣವೇ ಹುಟ್ಟಿಸಿದ ಆಮ್ಲಜನಕ ಹೇಗಾದರೂ ಕೆಳಗಿಳಿದರೆ, ಕಡಲಿನಲ್ಲಿರಬಹುದಾದ ಸೂಕ್ಷ್ಮಜೀವಿಗಳಿಗೆ ಅದೇ ಉಸಿರಾದೀತು ಎನ್ನುತ್ತಾರೆ ವಿಜ್ಞಾನಿಗಳು. ಕೊಲ್ಲುವುದೇ ಸಾಕುವುದೂ ಆಗಬಹುದು!

ವಿಕಿರಣದ ಪೆಟ್ಟು ತಿನ್ನುತ್ತಲೇ ದುಡಿದ ಗೆಲಿಲಿಯೋವನ್ನು 2003ರ ಸೆಪ್ಟೆಂಬರಿನಲ್ಲಿ ಗುರುವಿನೊಳಕ್ಕೇ ಬೀಳಿಸಿದರು. ಅದು ಅಕಸ್ಮಾತ್ ಯೂರೋಪಾಕ್ಕೆ ಅಪ್ಪಳಿಸಿ ಭೂಮಿಯ ಸೂಕ್ಷ್ಮಜೀವಿಗಳನ್ನು ಅಲ್ಲಿ ಬಿಡಬಾರದಲ್ಲ! ಕಿವೆಲ್ಸನ್ ಅವರ ಕೆಲಸ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1997ರ ಹಳೆಯ ಅಂಕಿಗಳನ್ನು ಅವರೂ ಸಂಗಡಿಗರೂ ಮತ್ತೆ ತೆಗೆದು ನೋಡಿ, ಯೂರೋಪಾದಿಂದ ನೀರಿನ ಚಿಲುಮೆ ಚಿಮ್ಮಿರಬಹುದೆಂದು 2018ರಲ್ಲಿ ತೋರಿಸಿದರು. ಆಗ ಅವರಿಗೆ 89. ಹೊಸ ನೌಕೆ ಯೂರೋಪಾ ಕ್ಲಿಪ್ಪರ್‌ನ ಕಾಂತಮಾಪಕದ ತಂಡವನ್ನು ಮುನ್ನಡೆಸುವ ಹೊಣೆಯೂ ಅವರ ಹೆಗಲಿಗೇ ಬಂತು. ಎಲೆಕ್ಟ್ರಾನಿಕ್ ಭಾಗಗಳನ್ನು ದಪ್ಪ ಲೋಹದ ಪೆಟ್ಟಿಗೆಯಲ್ಲಿ ಜೋಪಾನಮಾಡಿಕೊಂಡು 2024ರ ಅಕ್ಟೋಬರ್ 14ರಂದು ಹೊರಟ ಆ ನೌಕೆ 2030ರಲ್ಲಿ ಗುರುವನ್ನು ಸೇರಬೇಕು.

ಅವರ ಬದುಕಿನ ಲೆಕ್ಕವನ್ನು ನಾನು ಮತ್ತೆ ಮತ್ತೆ ಹಾಕಿ ನೋಡುತ್ತೇನೆ. ಹೆಸರು ತಂದ ಶೋಧಗಳು ಶುರುವಾದದ್ದೇ 67ರ ಮೇಲೆ. ಹಾಗೆಂದು ಅದಕ್ಕೆ ಮುಂಚಿನ ವರ್ಷಗಳು ಕಾದು ಕಳೆದ ವರ್ಷಗಳಲ್ಲ. ಮಕ್ಕಳನ್ನು ಬೆಳೆಸುತ್ತ, ಗಂಡನ ಊರಿನಲ್ಲಿ ಸಿಕ್ಕ ಕೆಲಸ ಮಾಡುತ್ತ, ಅವರು ಕಲಿತದ್ದನ್ನು ಕೈಬಿಡದೆ ಉಳಿಸಿಕೊಂಡ ವರ್ಷಗಳು ಅವು. ಮೇಲಿನಿಂದ ನೋಡಿದವರಿಗೆ ಆಗ ಏನು ಕಂಡಿರಬಹುದು? ಹೆಪ್ಪುಗಟ್ಟಿದ ಹಿಮ, ಅಷ್ಟೇ.